ಬುಟ್ಟಿಗೆ ಚೆಂಡೆಸೆಯದ ಆರ್ಡಿಸ್

ಆರ್ಡಿಸ್ ಟ್ವೆಟ್ ತನ್ನ ಜೀವಮಾನದಲ್ಲಿ ಒಂದು ಪಂದ್ಯದಲ್ಲೂ ಬುಟ್ಟಿಗೆ ಚೆಂಡು ಹಾಕಿದವಳಲ್ಲ. ಇದು ಅವಳನ್ನು ಹೀಗಳೆಯುವ ಮಾತಲ್ಲ. ಅವಳು ಆಡಿದ ಆಟದ ನಿಯಮವೇ ಹಾಗಿತ್ತು. ನಮ್ಮ ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ ಆ ಕಾಲಕ್ಕೆ ಹೆಣ್ಣುಮಕ್ಕಳು ಆಡುತ್ತಿದ್ದುದು ಆರು ಜನರ ಬ್ಯಾಸ್ಕೆಟ್‌ಬಾಲ್. ಮೂವರು ಅಂಗಳದ ಈ ಅರ್ಧದಲ್ಲಿ, ಮೂವರು ಆ ಅರ್ಧದಲ್ಲಿ. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಬುಟ್ಟಿಗೆ ಎಸೆಯುವ ಭಾಗ್ಯ ಮುಂದಿನ ಮೂವರದು; ಹಿಂದಿನ ಮೂವರದು ಬರಿಯ ಕಾವಲು. ಆರ್ಡಿಸ್ ಕಾವಲಿನವಳು. ಅಂಕ ಗಳಿಸಿದವಳ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಗಳಿಸದಂತೆ ತಡೆದವಳ ಹೆಸರು ಬರುತ್ತಿರಲಿಲ್ಲ.

ನಾನು ಅವಳಿಗೆ ಒಂಬತ್ತನೆಯ ತರಗತಿಯಲ್ಲಿ ಗಣಿತ ಕಲಿಸಿದವನು. ಜಾಣೆ ಎಂದು ಹೊಗಳುವಷ್ಟು ಅಂಕಗಳು ಅವಳಿಗೆ ಬರುತ್ತಿರಲಿಲ್ಲ. ಆದರೆ ಅವಳಲ್ಲಿ ಒಂದು ಗುಣವಿತ್ತು. ಬೇರೆಯವರು ಕಪ್ಪುಹಲಗೆಯ ಮೇಲೆ ರೇಖಾಗಣಿತದ ಪ್ರಮೇಯದ ಸಾಧನೆಯನ್ನು ಬರೆದು ಎಲ್ಲೋ ಎಡವಿದಾಗ, ಆರ್ಡಿಸ್ ಹಿಂದಿನ ಬೆಂಚಿನಿಂದ ಎದ್ದು ಬಂದು, ಒಂದು ಮಾತೂ ಆಡದೆ, ಎಡವಿದ ಸಾಲಿನ ಮೇಲೇ ಬೆರಳಿಡುತ್ತಿದ್ದಳು. ತಾನಾಗಿ ಒಂದು ಸಾಧನೆಯನ್ನು ಶುರು ಮಾಡು ಎಂದರೆ ಕೆಂಪಗಾಗುತ್ತಿದ್ದಳು. ಮುಂದೆ ಬಂದು ನಿಲ್ಲುವುದು ನಮ್ಮ ಟೊರ್ವಿಕ್ ಊರಿನ ಮನೆಗಳಲ್ಲಿ ಒಳ್ಳೆಯ ನಡತೆ ಎನ್ನಿಸಿಕೊಂಡಿರಲಿಲ್ಲ. ಚರ್ಚಿನ ಊಟದಲ್ಲಿ ತಟ್ಟೆಯಲ್ಲಿ ಉಳಿದ ಕೊನೆಯ ತುಣುಕನ್ನು ಯಾರೂ ಎತ್ತಿಕೊಳ್ಳದೆ, ಅದನ್ನು ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ, ಕಡೆಗೆ ಪುಡಿಯನ್ನು ಉಳಿಸುವ ಜನ ನಾವು.

ಶಾಲೆ ಮುಗಿಸಿದ ಮೇಲೆ ಅವಳು ಧಾನ್ಯದ ಗೋದಾಮಿನ ಕಚೇರಿಯಲ್ಲಿ ಕೆಲಸ ಮಾಡಿದಳು. ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ ಮರ್ಲ್ ಎಂಬ ಮಿತಭಾಷಿಯನ್ನು ಮದುವೆಯಾದಳು. ಸಂಜೆಯ ಹೊತ್ತು ಚರ್ಚಿನ ಹುಡುಗಿಯರಿಗೆ ಆಟ ಹೇಳಿಕೊಟ್ಟಳು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಟೊರ್ವಿಕ್ ಕಾಲೇಜಿನ ಮಹಿಳಾ ತಂಡಕ್ಕೆ ಸಹಾಯಕ ಕೋಚ್ ಆಗಿ ಸೇರಿದಳು. ಆ ತಂಡದ ಪಂದ್ಯಗಳಲ್ಲಿ ಮೇಜಿನ ಹಿಂದೆ ಕುಳಿತು ಅಂಕದ ಪುಸ್ತಕ ಬರೆಯುವ ಕೆಲಸ ನನ್ನದಾಗಿತ್ತು. ಹೀಗಾಗಿ ಅವಳ ಬದುಕಿನ ಈ ಭಾಗವನ್ನು ನಾನು ಮೂರು ಗಜ ದೂರದಿಂದ ಕಂಡವನು.

ಒಂಬತ್ತು ಕಾಲೇಜುಗಳು ಸೇರಿದ ಕೂಟ ನಮ್ಮದು, ಕಾನ್ಫರೆನ್ಸ್ ಎನ್ನುತ್ತಿದ್ದೆವು. ಪ್ರತಿಯೊಂದು ತಂಡವೂ ಉಳಿದ ಎಂಟರೊಂದಿಗೆ ಎರಡೆರಡು ಸಲ, ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಅವರ ಊರಿನಲ್ಲಿ, ಆಡಬೇಕು. ಮೊದಲ ಆರು ಸ್ಥಾನಗಳಲ್ಲಿ ಬಂದವರಿಗೆ ಫೆಬ್ರವರಿಯ ಕೊನೆಗೆ ಕೂಟದ ಪಂದ್ಯಾವಳಿ. ಉಳಿದ ಮೂವರಿಗೆ ಮನೆ.

ಈ ಕೂಟದಲ್ಲಿ ಕೋಚುಗಳು ಬದಲಾಗುವುದು ಹವಾಮಾನ ಬದಲಾಗುವಷ್ಟೇ ಸಹಜ. ಅದಕ್ಕೊಂದು ಪದ್ಧತಿಯೂ ಇತ್ತು. ಮುಖ್ಯ ಕೋಚ್ ಹೋದರೆ ಸಹಾಯಕರೂ ಪೆಟ್ಟಿಗೆ ಕಟ್ಟಬೇಕು. ಹೊಸಬರು ತಮ್ಮ ಜನವನ್ನು ತಾವೇ ಕರೆತರುತ್ತಾರೆ. ಆದರೆ ಆರ್ಡಿಸಳ ಕಾಲದಲ್ಲಿ ಮೂವರು ಮುಖ್ಯ ಕೋಚುಗಳು ಬಂದು ಹೋದರು, ನಾಲ್ಕನೆಯವಳು ಬಂದಳು, ಆರ್ಡಿಸ್ ಮಾತ್ರ ಅಲ್ಲೇ ಇದ್ದಳು. ಬಂದವರೆಲ್ಲ ಒಂದು ವಾರದಲ್ಲಿ ಕಂಡುಕೊಳ್ಳುತ್ತಿದ್ದರು: ಯಾವ ಹುಡುಗಿಯ ಮಂಡಿ ನೋಯುತ್ತದೆ, ಯಾವ ಊರಿನ ಅಂಗಳದ ಯಾವ ಮೂಲೆಯಲ್ಲಿ ಹಲಗೆ ಸಡಿಲವಾಗಿದೆ, ಯಾವ ತಾಯಿಗೆ ಫೋನ್ ಮಾಡಬಾರದು, ಇವೆಲ್ಲ ಈ ಹೆಂಗಸಿಗೆ ಮಾತ್ರ ಗೊತ್ತು.

ಎರಡು ಸಲ ಅವಳು ಮುಖ್ಯ ಕೋಚಿನ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಕ್ರೀಡಾ ನಿರ್ದೇಶಕ ವೆಂಡೆಲ್ ಪ್ರಾಟ್ ಎರಡು ಸಲವೂ ಅವಳನ್ನು ಹೊಗಳಿ ಕಳಿಸಿದ. ತಂಡದ ಬೆನ್ನೆಲುಬು ನೀವು, ಬೆನ್ನೆಲುಬು ಒಳಗಿದ್ದರೇ ಚೆಂದ ಎಂದನಂತೆ. ವೆಂಡೆಲ್ ಕೆಟ್ಟವನಲ್ಲ. ಪತ್ರಿಕೆಯಲ್ಲಿ ಹೆಸರು ಕಾಣದವಳನ್ನು ಮುಂದೆ ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಅಷ್ಟೆ.

ಎರಡು ಸಾವಿರದ ನಾಲ್ಕನೆಯ ಇಸವಿಯ ಜನವರಿಯಲ್ಲಿ ಎಲ್ಲೋ ದೂರದ ಒಂದು ದೊಡ್ಡ ವಿಶ್ವವಿದ್ಯಾಲಯ ತನ್ನ ಕೋಚನ್ನು ಋತುವಿನ ನಡುವೆಯೇ ಮನೆಗೆ ಕಳಿಸಿತು. ಅಲ್ಲಿಯ ಸಹಾಯಕಿ ಮುಖ್ಯಳಾದಳು. ತನಗೊಬ್ಬ ಸಹಾಯಕಿ ಬೇಕೆಂದು ನಮ್ಮ ಕೋಚ್ ಡೇನಾ ರಸ್ಕ್‌ಗೆ ಫೋನ್ ಮಾಡಿದಳು. ಒಂದು ಕುರ್ಚಿ ಕದಲಿದರೆ ಸಾಲು ಕುರ್ಚಿಗಳೆಲ್ಲ ಕದಲುತ್ತವೆ. ಮಂಗಳವಾರ ಡೇನಾ ಹುಡುಗಿಯರನ್ನು ಕೂಡಿಸಿ ಅತ್ತಳು, ಬುಧವಾರ ಹೊರಟುಹೋದಳು. ಏಳು ಪಂದ್ಯಗಳಲ್ಲಿ ಎರಡು ಗೆದ್ದು ಐದು ಸೋತಿದ್ದ ತಂಡ ಶನಿವಾರ ಮೌಂಟ್ ಸೆಲ್ಬಿಯ ಎದುರು ಆಡಬೇಕಿತ್ತು.

ವೆಂಡೆಲ್ ಆರ್ಡಿಸಳನ್ನು ಕರೆದು, ಋತು ಮುಗಿಯುವ ತನಕ ನೀವು ಹಂಗಾಮಿ ಕೋಚ್ ಎಂದ. ಮಾರ್ಚಿಗೆ ಹೊಸಬರು ಬರುತ್ತಾರೆ, ಅದಕ್ಕಾಗಿ ಸಮಿತಿಯೂ ಆಗಿದೆ, ಈ ಸಲ ಬರುವವರು ತಮ್ಮ ಸಹಾಯಕರನ್ನು ಕರೆತರುವುದು ಖಂಡಿತ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದ. ಅಂದರೆ ಮಾರ್ಚಿಗೆ ಅವಳು ಒಂದೋ ಮುಖ್ಯ ಕೋಚ್ ಆಗಬೇಕು, ಇಲ್ಲವೇ ಐವತ್ತಮೂರನೆಯ ವಯಸ್ಸಿನಲ್ಲಿ ಆ ಅಂಗಳದಿಂದಲೇ ಹೊರಗೆ ಹೋಗಬೇಕು. ನಾನೂ ಅರ್ಜಿ ಹಾಕಬಹುದೇ ಎಂದು ಅವಳು ಕೇಳಿದಳು.

"ಮೊದಲ ಆರರೊಳಗೆ ತಂಡ ತನ್ನಿ ಆರ್ಡಿಸ್, ಆಮೇಲೆ ನೋಡೋಣ" ಎಂದ ವೆಂಡೆಲ್.

ನಮ್ಮ ಊರಿನಲ್ಲಿ ನೋಡೋಣ ಎಂದರೆ ಇಲ್ಲ ಎನ್ನುವುದರ ಮರ್ಯಾದೆಯ ರೂಪ. ಅದು ಅವಳಿಗೂ ಗೊತ್ತಿತ್ತು. ಆದರೂ ಒಂಬತ್ತು ಪಂದ್ಯಗಳು ಬಾಕಿ ಇದ್ದವು.

ಇನ್ನು ಆ ಶನಿವಾರದ ಮಾತು. ಆಟ ಶುರುವಾಗುವ ಹತ್ತು ನಿಮಿಷ ಮುಂಚೆ, ಮೊದಲು ಅಂಗಳಕ್ಕಿಳಿಯುವ ಐವರ ಹೆಸರಿನ ಮುಂದೆ ಮುಖ್ಯ ಕೋಚ್ ಅಂಕದ ಪುಸ್ತಕದಲ್ಲಿ ಗುರುತು ಹಾಕಬೇಕೆಂಬುದು ನಿಯಮ. ಹತ್ತೊಂಬತ್ತು ವರ್ಷವೂ ಆರ್ಡಿಸ್ ತನ್ನ ದುಂಡನೆಯ ಅಕ್ಷರದಲ್ಲಿ ಹುಡುಗಿಯರ ಹೆಸರು, ಅಂಗಿಯ ಸಂಖ್ಯೆ ಎಲ್ಲ ಬರೆದು, ಪುಸ್ತಕವನ್ನು ತೆರೆದಿಟ್ಟು ಹೋಗುತ್ತಿದ್ದಳು. ಮುಖ್ಯ ಕೋಚ್ ಬಂದು ಐದು ಗುರುತು ಹಾಕುತ್ತಿದ್ದರು. ಅಂದೂ ಅವಳು ಹೆಸರುಗಳನ್ನು ಬರೆದಳು, ಪುಸ್ತಕವನ್ನು ತೆರೆದಿಟ್ಟಳು, ಹೋಗಿ ಬೆಂಚಿನ ಎರಡನೆಯ ಕುರ್ಚಿಯಲ್ಲಿ ಕುಳಿತಳು. ಮೊದಲನೆಯ ಕುರ್ಚಿ ಖಾಲಿಯಾಗಿಯೇ ಇತ್ತು.

ನಾನು ನೆನಪಿಸಬಹುದಿತ್ತು. ಆದರೆ ಅಷ್ಟು ವರ್ಷ ನನಗೆ ನಿಯಮಗಳನ್ನು ನೆನಪಿಸುತ್ತಿದ್ದವಳೇ ಅವಳು. ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಪೆನ್ಸಿಲ್ ಹಿಡಿದುಕೊಂಡು ಕಾದೆ. ಗಡಿಯಾರ ಹತ್ತು ನಿಮಿಷಕ್ಕಿಂತ ಕೆಳಗೆ ಇಳಿಯಿತು. ತೀರ್ಪುಗಾರ ಪುಸ್ತಕವನ್ನು ನೋಡಿದ, ಖಾಲಿ ಜಾಗವನ್ನು ನೋಡಿದ, ಬೇಸರದಿಂದಲೇ ತಪ್ಪು ಘೋಷಿಸಿದ. ಆಟ ಇನ್ನೂ ಶುರುವೇ ಆಗಿಲ್ಲ, ಮೌಂಟ್ ಸೆಲ್ಬಿಯ ಹುಡುಗಿಗೆ ಎರಡು ತಡೆಯಿಲ್ಲದ ಎಸೆತಗಳು. ಎರಡೂ ಬುಟ್ಟಿಗೆ ಬಿದ್ದವು, ಅವರಿಗೆ ಎರಡು ಅಂಕ.

ನಾವು ಆ ಪಂದ್ಯವನ್ನು ಸೋತದ್ದು ಒಂದು ಅಂಕದಿಂದ. ಅರವತ್ತೊಂದು, ಅರವತ್ತು.

ಆಟ ಮುಗಿದ ಮೇಲೆ ಆರ್ಡಿಸ್ ಹುಡುಗಿಯರನ್ನು ಕೂಡಿಸಿಕೊಂಡು, ನೀವು ಗೆದ್ದಿದ್ದಿರಿ, ಸೋತವಳು ನಾನು ಎಂದು ಹೇಳಿದಳಂತೆ. ಅಳಲಿಲ್ಲ, ಕ್ಷಮೆಯನ್ನು ಎರಡನೆಯ ಸಲ ಕೇಳಲಿಲ್ಲ. ಯಾರೋ ಬಂದು ಆ ಜಾಗ ತುಂಬುತ್ತಾರೆ ಎಂದುಕೊಂಡೆ, ಆ ಯಾರೋ ನಾನೇ ಎಂಬುದು ತಲೆಗೆ ಹೋಗಲಿಲ್ಲ ಎಂದಳು. ಆಮೇಲೆ ಮೇಜಿನ ಬಳಿ ಬಂದು ನನ್ನ ಪುಸ್ತಕವನ್ನು ತಾನೇ ಮುಚ್ಚಿದಳು.

"ಮೇಷ್ಟ್ರೇ, ಸಾಧನೆ ಶುರು ಮಾಡು ಅಂತ ಅವತ್ತು ನೀವು ಎಷ್ಟು ಬೈತಿದ್ರಿ. ಇನ್ನೂ ಸ್ವಲ್ಪ ಜೋರಾಗಿ ಬೈಬೇಕಿತ್ತು."

ಸೋಮವಾರ ಬೆಳಗ್ಗೆ ಕೆಫೆಯಲ್ಲಿ ಊರಿನ ನ್ಯಾಯಪೀಠ ಸೇರಿತು. ಗೋದಾಮಿನ ಆರ್ವಿಲ್ ಅದರ ಅಧ್ಯಕ್ಷ. ಆರ್ಡಿಸ್ ಕಾಫಿ ತೆಗೆದುಕೊಳ್ಳಲು ಬಂದದ್ದನ್ನು ಕಂಡು ಅವನ ಧ್ವನಿ ಇನ್ನಷ್ಟು ಏರಿತು.

"ಅಲ್ಲ ಕಣೇ ಆರ್ಡಿಸ್, ಹುಟ್ಟಿದಾರಭ್ಯ ಒಂದು ಬುಟ್ಟಿ ಹಾಕಿದೋಳಲ್ಲ ನೀನು. ಆ ಹುಡುಗೀರಿಗೆ ಏನಂತ ಹೇಳ್ಕೊಡ್ತೀಯ?"

"ನಾನು ಹಾಕಿಲ್ಲ, ನಿಜ. ನಿನ್ನ ತಂಗಿ ನನ್ನ ಮುಂದೆ ಎಷ್ಟು ಹಾಕಿದ್ಲು ಅಂತ ಮನೆಗೆ ಹೋಗಿ ಕೇಳು."

ಆರ್ವಿಲ್‌ನ ತಂಗಿ ಆ ಕಾಲದಲ್ಲಿ ಪಂದ್ಯಕ್ಕೆ ನಲವತ್ತು ಅಂಕ ಗಳಿಸುತ್ತಿದ್ದ ಪ್ರಸಿದ್ಧ ಆಟಗಾರ್ತಿ. ಆರ್ಡಿಸಳ ಎದುರು ಆಡಿದ ದಿನ ಗಳಿಸಿದ್ದು ಏಳು. ಕೆಫೆಯಲ್ಲಿ ನಕ್ಕವರಲ್ಲಿ ಆರ್ವಿಲ್ ಕೂಡ ಒಬ್ಬ.

ಅಂದು ಮಧ್ಯಾಹ್ನವೇ ಆರ್ಡಿಸ್ ಅಭ್ಯಾಸದ ರೀತಿಯನ್ನು ಬದಲಿಸಿದಳು. ಎರಡು ಸಲಕ್ಕಿಂತ ಹೆಚ್ಚು ಚೆಂಡು ಪುಟಿಸಿದವಳು ಅಂಗಳದಿಂದ ಆಚೆ. ಎರಡು ಪುಟಿತದೊಳಗೆ ಎಸೆಯಬೇಕು, ಇಲ್ಲವೇ ಇನ್ನೊಬ್ಬಳಿಗೆ ಕೊಡಬೇಕು. ಅವಳು ಬೆಳೆದ ಆಟದ ಹಳೆಯ ಕಟ್ಟು ಅದು. ಆ ಆಟವೇ ರಾಜ್ಯದಲ್ಲಿ ನಿಂತುಹೋಗಿ ಹತ್ತು ವರ್ಷವಾಗಿತ್ತು. ಈ ಹುಡುಗಿಯರ ಅಜ್ಜಿಯರೂ ಅಮ್ಮಂದಿರೂ ಆಡಿದ್ದ ಆಟ. ಹುಡುಗಿಯರು ಮುಖ ಮುಖ ನೋಡಿಕೊಂಡರು.

ನಾಯಕಿ ಟೆರಿನ್ ವೋಸ್‌ಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಚೆಂಡನ್ನು ಪುಟಿಸುತ್ತ ಮೂವರ ನಡುವೆ ನುಸುಳಿ ಹೋಗುವುದೇ ಅವಳ ಹೆಮ್ಮೆ. ಅದು ಅವಳ ಕೊನೆಯ ವರ್ಷ ಬೇರೆ. ಮೂರು ಸಲ ಹೊರಗೆ ಕೂತ ಮೇಲೆ ಅವಳು ಚೆಂಡನ್ನು ನೆಲಕ್ಕೆ ಕುಕ್ಕಿದಳು. ಹುಡುಗಿಯರು ಆಗ ಡೇನಾಳನ್ನು ಮಾತ್ರ ಕೋಚ್ ಎನ್ನುತ್ತಿದ್ದರು, ಆರ್ಡಿಸಳನ್ನು ಮಿಸೆಸ್ ಟ್ವೆಟ್ ಎನ್ನುತ್ತಿದ್ದರು.

"ಮಿಸೆಸ್ ಟ್ವೆಟ್, ಇದು ನಮ್ಮಜ್ಜಿ ಆಟ. ನನ್ನ ಕೈ ಕಟ್ಟಿಹಾಕಿ ಓಡು ಅಂದ್ರೆ ಹೇಗೆ ಓಡ್ಲಿ?"

ಆರ್ಡಿಸ್ ಅವಳನ್ನು ಗದರಲಿಲ್ಲ. ಹಾಗಾದರೆ ನೀನು ನಿನಗೆ ತೋಚಿದಷ್ಟು ಪುಟಿಸು, ನಾನು ಕಾವಲು ನಿಲ್ಲುತ್ತೇನೆ ಎಂದು ಅಂಗಳಕ್ಕೆ ಇಳಿದಳು. ಐವತ್ತಮೂರು ವರ್ಷದ ದಪ್ಪನೆಯ ಹೆಂಗಸು, ಕೊರಳಲ್ಲಿ ಸೀಟಿ. ಟೆರಿನ್ ನಗುತ್ತಲೇ ಬಂದಳು. ಐದು ಸಲ ಬಂದಳು. ನಾಲ್ಕು ಸಲ ಚೆಂಡು ಆರ್ಡಿಸಳ ಕೈಗೆ ಬಂತು. ಅವಳು ಓಡಲೇ ಇಲ್ಲ. ಟೆರಿನ್ ಎಲ್ಲಿಗೆ ಬರುತ್ತಾಳೋ ಅಲ್ಲಿ ಒಂದು ಹೆಜ್ಜೆ ಮುಂಚೆ ನಿಂತಿರುತ್ತಿದ್ದಳು.

"ನೀನು ಮೂರನೇ ಸಲ ಪುಟಿಸುವಾಗ ಎಡಪಾದ ಹೊರಗೆ ತಿರುಗುತ್ತೆ ಮಗಳೇ. ಅಲ್ಲಿಂದ ಬಲಕ್ಕೇ ಹೋಗ್ತೀಯ. ಈ ಕೂಟದ ಎಂಟು ತಂಡಕ್ಕೂ ಇದು ಗೊತ್ತಾಗಿದೆ, ನಿನಗೊಬ್ಬಳಿಗೆ ಗೊತ್ತಿಲ್ಲ. ಎರಡರಲ್ಲಿ ನಿಲ್ಲಿಸಿದ್ರೆ ನೀನು ಯಾವ ಕಡೆ ಅಂತ ನನಗೂ ಹೇಳೋಕಾಗಲ್ಲ."

ಟೆರಿನ್ ಸ್ವಲ್ಪ ಹೊತ್ತು ತನ್ನ ಪಾದವನ್ನೇ ನೋಡಿಕೊಂಡಳು. ಆಮೇಲೆ ಚೆಂಡನ್ನು ಎತ್ತಿಕೊಂಡು, "ಇನ್ನೊಂದ್ಸಲ ನಿಲ್ತೀರಾ, ಕೋಚ್?" ಎಂದಳು.

ಅಲ್ಲಿಂದ ಮುಂದೆ ಎಲ್ಲರೂ ಹಾಗೆಯೇ ಕರೆದರು.

ಮುಂದಿನ ಏಳು ಪಂದ್ಯಗಳಲ್ಲಿ ಐದನ್ನು ಗೆದ್ದೆವು. ನಾನು ಬರೆದ ಪುಸ್ತಕಗಳಲ್ಲಿ ಅಂಥ ಹಾಳೆಗಳನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಬ್ಬಳೇ ಇಪ್ಪತ್ತೆಂಟು ಗಳಿಸಿ ಉಳಿದವರು ಸೊನ್ನೆ ಸುತ್ತುವ ಕಾಲ ಹೋಗಿ, ಹನ್ನೊಂದು, ಹತ್ತು, ಹನ್ನೆರಡು, ಒಂಬತ್ತು ಎಂದು ಎಲ್ಲರ ಮುಂದೆಯೂ ಅಂಕ. ಚೆಂಡು ನೆಲಕ್ಕೆ ತಾಗುವ ಸದ್ದು ಕಡಿಮೆಯಾಗಿ, ಅಂಗೈಯಿಂದ ಅಂಗೈಗೆ ಹೋಗುವ ಚಟ್ ಚಟ್ ಸದ್ದು ಹೆಚ್ಚಾಯಿತು. ಎದುರಾಳಿಗಳು ಎಲ್ಲಿ ನೋಡುವುದೆಂದು ತಿಳಿಯದೆ ತಿರುಗುತ್ತಿದ್ದರು. ಮೇಲಿನ ಸಾಲುಗಳಲ್ಲಿ ಕೂತ ಎಪ್ಪತ್ತು ದಾಟಿದ ಹೆಂಗಸರು, ಹತ್ತು ವರ್ಷದಿಂದ ಆಟಕ್ಕೆ ಬಾರದಿದ್ದವರು, ಹೆಣಿಗೆ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಒಂದು, ಎರಡು, ಕೊಡು ಎಂದು ಅವರು ಕೂಗುವುದು ಅಂಗಳಕ್ಕೇ ಕೇಳುತ್ತಿತ್ತು. ಅದೇ ತಿಂಗಳಲ್ಲಿ ಕೂಟದ ಬೇರೆ ಎರಡು ಕಾಲೇಜುಗಳ ಕೋಚುಗಳೂ ಬದಲಾದರು. ಪತ್ರಿಕೆಯವರು ಮೂವರು ಹಂಗಾಮಿಗಳ ಕುರಿತು ಬರೆದರು. ಆರ್ಡಿಸಳ ಹೆಸರು ಮೊದಲ ಸಲ ಅಚ್ಚಾಯಿತು, ಅದೂ ಕಾಗುಣಿತ ತಪ್ಪಾಗಿ. ಮರ್ಲ್ ಅದನ್ನು ಕತ್ತರಿಸಿ ಟ್ಯಾಂಕರಿನ ಗಾಜಿಗೆ ಅಂಟಿಸಿಕೊಂಡ.

ಏಳು ಗೆಲುವು, ಎಂಟು ಸೋಲು. ಕೊನೆಯ ಪಂದ್ಯ ನಮ್ಮದೇ ಅಂಗಳದಲ್ಲಿ, ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಬೆಲ್‌ಫೋರ್ಡ್ ಎದುರು. ಗೆದ್ದರೆ ಆರನೆಯ ಸ್ಥಾನ, ಸೋತರೆ ಏಳನೆಯದು. ವೆಂಡೆಲ್ ಅಂದು ಒಬ್ಬ ಅತಿಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ದೊಡ್ಡ ವಿಶ್ವವಿದ್ಯಾಲಯವೊಂದರಿಂದ ಬಂದ ಚುರುಕಾದ ಯುವತಿ. ಸಮಿತಿಗೆ ಮೆಚ್ಚುಗೆಯಾದ ಅಭ್ಯರ್ಥಿ ಎಂದು ಇಡೀ ಊರಿಗೆ ಗೊತ್ತಿತ್ತು. ಆರ್ಡಿಸ್ ಆಟಕ್ಕೆ ಮುಂಚೆ ಅವಳ ಬಳಿಗೆ ಹೋಗಿ ಕೈಕುಲುಕಿ, ಚಳಿಯಾದರೆ ಈ ಮೂಲೆಯಲ್ಲಿ ಹೀಟರ್ ಇದೆ ಎಂದು ತೋರಿಸಿ ಬಂದಳು.

ಬೆಲ್‌ಫೋರ್ಡಿನ ಉದ್ದನೆಯ ಆಟಗಾರ್ತಿ ಮೊದಲರ್ಧದಲ್ಲೇ ಹತ್ತೊಂಬತ್ತು ಅಂಕ ಗಳಿಸಿದಳು. ನಾವು ಒಂಬತ್ತರಿಂದ ಹಿಂದೆ. ವಿರಾಮದಲ್ಲಿ ಆರ್ಡಿಸ್ ನಮ್ಮ ಎತ್ತರದ ಹುಡುಗಿ ಮಾರ್ಲೀಗೆ, ಅವಳ ಕೈಯನ್ನೂ ಚೆಂಡನ್ನೂ ನೋಡುವುದನ್ನು ಬಿಡು, ಎಸೆಯುವ ಮುಂಚೆ ಅವಳು ಹಿಮ್ಮಡಿ ಎತ್ತುತ್ತಾಳೆ, ಹಿಮ್ಮಡಿಯನ್ನು ನೋಡು ಎಂದು ಹೇಳಿದಳು. ಆ ಹುಡುಗಿ ದ್ವಿತೀಯಾರ್ಧದಲ್ಲಿ ಗಳಿಸಿದ್ದು ನಾಲ್ಕು. ಇಪ್ಪತ್ತು ಸೆಕೆಂಡು ಉಳಿದಿದ್ದಾಗ ನಾವು ಎರಡು ಅಂಕ ಮುಂದೆ, ಚೆಂಡು ಟೆರಿನ್ ಕೈಯಲ್ಲಿ. ಹಳೆಯ ಟೆರಿನ್ ಆಗಿದ್ದರೆ ಒಬ್ಬಳೇ ನುಗ್ಗುತ್ತಿದ್ದಳು. ಅವಳು ಎರಡು ಸಲ ಪುಟಿಸಿ ಕೊಟ್ಟಳು. ಚೆಂಡು ನಾಲ್ಕು ಕೈ ದಾಟಿ, ಒಮ್ಮೆಯೂ ನೆಲ ಮುಟ್ಟದೆ, ಬುಟ್ಟಿಯ ಕೆಳಗೆ ಒಂಟಿಯಾಗಿ ನಿಂತಿದ್ದ ಮಾರ್ಲೀಯನ್ನು ತಲುಪಿತು. ಅರವತ್ತಾರು, ಅರವತ್ತೆರಡು. ಬರೆಯುವಾಗ ನನ್ನ ಪೆನ್ಸಿಲಿನ ಮೊನೆ ಮುರಿಯಿತು.

ಸೋಮವಾರ ವೆಂಡೆಲ್‌ನ ಕೋಣೆಯಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ, ಹಲವು ವರ್ಷಗಳ ನಂತರ, ತನ್ನ ಬಗ್ಗೆ ತಾನೇ ನಗುತ್ತ. ಅವನು ಅಂದು ತಾನು ಬಹಳ ಉದಾರಿಯಾಗಿದ್ದೇನೆಂದು ತಿಳಿದುಕೊಂಡಿದ್ದನಂತೆ. ಸಮಿತಿಗೆ ಸಂತೋಷವಾಗಿದೆ, ಆ ಯುವತಿಗೆ ಇನ್ನೂ ಮಾತು ಕೊಟ್ಟಿಲ್ಲ, ಇನ್ನೊಂದು ವರ್ಷವೂ ನೀವೇ ಹಂಗಾಮಿಯಾಗಿ ನಡೆಸಿ, ಆಮೇಲೆ ನೋಡೋಣ ಎಂದ. ಆರ್ಡಿಸ್ ಕೋಟನ್ನು ತೆಗೆಯದೆ ಕುಳಿತಿದ್ದಳು.

"ಇಲ್ಲ ವೆಂಡೆಲ್. ಹಂಗಾಮಿ ಅನ್ನೋದು ತೆಗೆದುಹಾಕಿ, ನಾನು ಇರ್ತೀನಿ. ಇಲ್ಲಾಂದ್ರೆ ಆ ಹುಡುಗಿಗೇ ಕೊಡಿ, ಒಳ್ಳೆಯವಳ ಹಾಗೆ ಕಾಣ್ತಾಳೆ. ನಾಳೇನೇ ಎಲ್ಲ ಕೀಲಿಕೈ ಅವಳಿಗೆ ಒಪ್ಪಿಸ್ತೀನಿ."

ಅವನು ಬಜೆಟ್ಟು, ಅಧ್ಯಕ್ಷರು, ಏಪ್ರಿಲ್ ತಿಂಗಳ ಸಭೆ ಎಂದೆಲ್ಲ ಹೇಳತೊಡಗಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಹತ್ತೊಂಬತ್ತು ವರ್ಷ ನೋಡಿದ್ದೀರಿ. ಇನ್ನೇನು ನೋಡ್ಬೇಕು? ಫೋನ್ ನಿಮ್ಮ ಕೈ ಹತ್ರಾನೇ ಇದೆ. ನನಗೇನೂ ಅವಸರ ಇಲ್ಲ, ಕೂತಿರ್ತೀನಿ."

ನಿಜವಾಗಿಯೂ ಕೂತಿದ್ದಳು. ಬಾಯಿ ಬಿಡಲಿಲ್ಲ, ಎದ್ದು ಹೋಗಲೂ ಇಲ್ಲ. ವೆಂಡೆಲ್ ಕಾಗದಗಳನ್ನು ಜೋಡಿಸಿದ, ಕಿಟಕಿಯಾಚೆಯ ಹಿಮವನ್ನು ನೋಡಿದ, ಗಂಟಲು ಸರಿಮಾಡಿಕೊಂಡ. ಆ ಹೆಂಗಸು ಕಾವಲು ನಿಂತರೆ ದಾಟುವುದು ಕಷ್ಟ ಎಂದು ನನಗೆ ಅವತ್ತು ಅರ್ಥವಾಯಿತು ಮೇಷ್ಟ್ರೇ ಎಂದು ಅವನು ನನಗೆ ಹೇಳಿದ. ಹದಿನೈದು ನಿಮಿಷದ ಮೇಲೆ ಅವನು ಫೋನ್ ಎತ್ತಿ ಕಾಲೇಜಿನ ಅಧ್ಯಕ್ಷರಿಗೆ ಕರೆ ಮಾಡಿದ. ಅಧ್ಯಕ್ಷರ ತಾಯಿಯೂ ಮೇಲಿನ ಸಾಲುಗಳಲ್ಲಿ ಕೂತು ಕೂಗುತ್ತಿದ್ದ ಹೆಂಗಸರಲ್ಲಿ ಒಬ್ಬರೆಂಬುದು ಅವನಿಗೆ ತಿಳಿದದ್ದು ಆಗಲೇ. ಮಾತು ಎರಡು ನಿಮಿಷದಲ್ಲಿ ಮುಗಿಯಿತು.

ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ನಾವು ಹದಿನೆಂಟು ಅಂಕಗಳಿಂದ ಸೋತೆವು. ಊರಿನಲ್ಲಿ ಯಾರಿಗೂ ಅದರ ನೆನಪಿಲ್ಲ.

ಆ ಮಾರ್ಚಿನಲ್ಲಿ ಹೊಸ ಮುಖ್ಯ ಕೋಚ್ ತನ್ನ ಸಹಾಯಕಿಯನ್ನು ತಾನೇ ಆರಿಸಿಕೊಳ್ಳಬೇಕಾಗಿ ಬಂತು, ಪದ್ಧತಿಯೇ ಹಾಗಲ್ಲವೆ. ಅನುಭವಿಗಳ ಅರ್ಜಿಗಳು ಬಂದಿದ್ದವು. ಆರ್ಡಿಸ್ ಟೆರಿನ್‌ಳನ್ನು ಕೆಫೆಗೆ ಕರೆದು, ಬಿಸಿ ಖಾರದ ಬೀನ್ಸ್ ಸಾರೂ ದಾಲ್ಚಿನ್ನಿ ಬನ್ನೂ ತರಿಸಿ, ಓದು ಮುಗಿದ ಮೇಲೆ ನನ್ನ ಪಕ್ಕ ಬಂದು ಕೂರುತ್ತೀಯಾ ಎಂದು ಕೇಳಿದಳು. ನಾನು ಹಿಂದಿನ ಮೇಜಿನಲ್ಲಿದ್ದೆ. ಹುಡುಗಿ ಬನ್ನನ್ನು ಕೆಳಗಿಟ್ಟು, ನೀವು ಹೇಳಿದಷ್ಟು ವರ್ಷ ಇರುತ್ತೇನೆ ಎಂದಳು.

"ಮೂರು ವರ್ಷ" ಎಂದಳು ಆರ್ಡಿಸ್. "ಅದಕ್ಕಿಂತ ಒಂದು ದಿನ ಜಾಸ್ತಿ ನನ್ನ ಪಕ್ಕ ಕೂತ್ರೆ ನಾನೇ ಹೊರಗೆ ಹಾಕ್ತೀನಿ. ನಾಲ್ಕನೇ ವರ್ಷ ನೀನು ಎದುರು ಬೆಂಚಲ್ಲಿ ಇರ್ಬೇಕು."

"ಎದುರು ಬೆಂಚಲ್ಲಾ? ನಿಮ್ಮನ್ನ ಸೋಲಿಸೋಕಾ, ಕೋಚ್?"

"ಪ್ರಯತ್ನ ಮಾಡು ಮಗಳೇ. ಯಾರು ಬೇಡ ಅಂದ್ರು?"

ನಾಲ್ಕನೆಯ ವರ್ಷ ಟೆರಿನ್ ವೋಸ್ ಮೌಂಟ್ ಸೆಲ್ಬಿಯ ಮುಖ್ಯ ಕೋಚ್ ಆಗಿ ನಮ್ಮ ಅಂಗಳಕ್ಕೆ ಬಂದಳು. ಅವಳ ಹುಡುಗಿಯರೂ ಎರಡು ಸಲಕ್ಕಿಂತ ಹೆಚ್ಚು ಪುಟಿಸಲಿಲ್ಲ. ಎರಡು ತಂಡಗಳೂ ಹಾಗೆ ಆಡಿದ ಆ ಪಂದ್ಯ ನಾನು ಕಂಡವುಗಳಲ್ಲೆಲ್ಲ ಸೊಗಸಾದದ್ದು. ಆರ್ಡಿಸ್ ಒಂಬತ್ತು ಅಂಕಗಳಿಂದ ಗೆದ್ದಳು.